ಇಂದಿನ ಧಮ್ಮ ಚಿಂತನೆ: ಛಂದ – ಮಾಡಬೇಕೆಂಬ ಮನಸ್ಸು



ಈ ವಾರ ನಮ್ಮ ಅಧ್ಯಯನ ನಾಲ್ಕು ಇದ್ಧಿಪಾದಗಳ ಬಗ್ಗೆ: ಛಂದ, ವಿರಿಯ, ಚಿತ್ತ, ವೀಮಂಸಾ. ಸಾಧನೆಗೆ ಆಧಾರವಾದ ಪಾದಗಳು ಇವು. ಇಂದು ಮೊದಲನೆಯದು. ಕಿವಿಗೆ ನಮ್ಮ 'ಚಂದ'ದ ಹಾಗೆ ಕೇಳಿಸಿದರೂ ಅರ್ಥ ಬೇರೆ. ಒಂದು ಕೆಲಸವನ್ನು ಮಾಡಬೇಕು ಎಂದು ಒಳಗಿನಿಂದ ಹುಟ್ಟುವ ಮನಸ್ಸೇ ಛಂದ. ಸುತ್ತಗಳಲ್ಲಿ ಈ ಮಾತು ಬರುವುದು ಸಮಾಧಿಯ ಸಂದರ್ಭದಲ್ಲಿ. ಅದನ್ನು ಕಚೇರಿಯ ಕೆಲಸಕ್ಕೆ ಅನ್ವಯಿಸುವ ಸ್ವಾತಂತ್ರ್ಯವನ್ನು ನಾನು ತೆಗೆದುಕೊಂಡಿದ್ದೇನೆ, ತಪ್ಪೆನಿಸಿದರೆ ಭಾನುವಾರದ ಕೂಟದಲ್ಲಿ ತಿದ್ದಿ.

ನಾನು ಬಂಟ್ವಾಳದವನು, ಕಂದಾಯ ಇಲಾಖೆಯಲ್ಲಿ ಗುಮಾಸ್ತ. ಕಚೇರಿ ಯಾವುದೆಂದು ಇಲ್ಲಿ ಬೇಡ. ಎರಡು ವರ್ಷದ ಹಿಂದೆ ಸ್ವಯಂ ನಿವೃತ್ತಿಯ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೆ. ದೊಡ್ಡ ಕಷ್ಟವೇನೂ ಇರಲಿಲ್ಲ. ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತುವಾಗಲೇ ಸಂಜೆಯ ಬಸ್ಸಿನ ಯೋಚನೆ, ಅಷ್ಟೆ. ಥೀನ–ಮಿದ್ಧ ಎಂದರೆ ತೂಕಡಿಕೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕಣ್ಣು ತೆರೆದುಕೊಂಡೇ, ಸೀಲು ಒತ್ತುತ್ತಲೇ ವರ್ಷಗಟ್ಟಲೆ ಅದರಲ್ಲಿ ಇರಬಹುದು. ನಾನಿದ್ದೆ.

ಆಗ ಬಂದದ್ದು 'ಭೂ ಸುರಕ್ಷಾ'. 2024ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಈ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಹಳೆಯ ಭೂದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಬೇಕು. ಕಡತ ಹೊಂದಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ದಾರ ಬಿಚ್ಚುವುದು, ತುಕ್ಕು ಹಿಡಿದ ಪಿನ್ನು ತೆಗೆಯುವುದು, ಮಡಿಕೆ ಬಿಡಿಸುವುದು, ಪುಟಸಂಖ್ಯೆ ಹಾಕುವುದು. ನಮ್ಮ ಕರಾವಳಿಯ ಮಳೆಗೆ ಕಾಗದ ಹಪ್ಪಳದ ಹಾಗೆ ಆಗಿರುತ್ತದೆ, ಮುಟ್ಟಿದರೆ ತುಂಡು. ಇದು ಶಿಕ್ಷೆ ಎಂದೇ ಮೊದಲ ತಿಂಗಳು ಎಣಿಸಿದ್ದೆ.

ಅದೇ ಸಮಯಕ್ಕೆ ನಮ್ಮ ಕೂಟದ ಕೆಲವರು ಮೂಡುಬಿದಿರೆಗೆ ಹೋಗಿದ್ದೆವು, ನೆನಪಿರಬಹುದು. ಅಲ್ಲಿಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಧವಳಾ, ಜಯಧವಳಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಉಳಿದು ಬಂದದ್ದು ಅಲ್ಲಿ. ಶತಮಾನಗಳ ಕಾಲ ಅವು ದರ್ಶನಕ್ಕೆ ಮಾತ್ರ, ಓದುವುದಕ್ಕಲ್ಲ. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳು ತೊಡಗಿದರು, ಮುಗಿಯುವ ಮೊದಲೇ ತೀರಿಕೊಂಡರು. ಗಜಪತಿ ಶಾಸ್ತ್ರಿಗಳು ಮುಂದುವರಿಸಿದರು. ಎಲ್ಲ ಪ್ರತಿಗಳ ಕೆಲಸ ಮುಗಿಯಲು ಸುಮಾರು ಕಾಲು ಶತಮಾನ ಬೇಕಾಯಿತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಳಾದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಲ್ಲಿಂದ ಒಟ್ಟು 16 ಸಂಪುಟ.

ನಮ್ಮ ತಿಪಿಟಕವನ್ನೂ ಶ್ರೀಲಂಕಾದ ಆಲುವಿಹಾರದಲ್ಲಿ ಗರಿಗೆ ಇಳಿಸಿದವರು ಯಾರೋ ಇದ್ದರಲ್ಲ, ಅವರ ಹೆಸರೇ ನಮಗೆ ಗೊತ್ತಿಲ್ಲ. ಆದರೆ ಆ ದಿನ ನನಗೆ ತಟ್ಟಿದ್ದು ಬ್ರಹ್ಮಸೂರಿ ಶಾಸ್ತ್ರಿಗಳ ವಿಷಯ. ಅಚ್ಚಾದ ಪುಸ್ತಕವನ್ನು ಅವರು ನೋಡಲೇ ಇಲ್ಲ. ಆದರೂ ಗರಿಯ ಮುಂದೆ ಕೂತಾಗ, ಇದನ್ನು ಮುಂದೆ ಯಾರೋ ಓದುತ್ತಾರೆ ಎಂಬುದು ಅವರಿಗೆ ಗೊತ್ತಿದ್ದಿರಬೇಕು. ನನ್ನ ಮುಂದಿನ ಕಡತದ ಕೊನೆಯಲ್ಲಿ ಯಾರಿದ್ದಾರೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ.

ಸೋಮವಾರದಿಂದ ಪುಟ ತಿರುಗಿಸುವಾಗ ಹೆಸರು ಓದತೊಡಗಿದೆ. ಹೆಚ್ಚಿನವು ಭೂನ್ಯಾಯ ಮಂಡಳಿಯ ಕಡತಗಳು. ನಮ್ಮಲ್ಲಿ ಹಿರಿಯರಿಗೆ ಇದು ಗೊತ್ತು: 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಉಳುತ್ತಿದ್ದ ಒಕ್ಕಲು 7ನೇ ನಮೂನೆಯಲ್ಲಿ 'ಡಿಕ್ಲರೇಶನ್' ಕೊಡಬೇಕಾಗಿತ್ತು. ಕೊನೆಗೆ 1979ರ ಜೂನ್ 30ರವರೆಗೆ ಅವಕಾಶ ಸಿಕ್ಕಿತ್ತು. ಮೂಲಗೇಣಿ, ಚಾಲಗೇಣಿ, ಗೇಣಿ ಅಕ್ಕಿ ಇಷ್ಟು ಮುಡಿ, ಕೆಳಗೆ ಹೆಬ್ಬೆಟ್ಟು. ಕಡತ ಎಂದು ನಾನು ಧೂಳು ಕೊಡವುತ್ತಿದ್ದದ್ದು ಒಂದು ಮನೆಯವರ ಅನ್ನ.

ಹಾಗೆ ಓದುವಾಗ ಒಂದು ಹೆಸರಿನ ಮೇಲೆ ಕಣ್ಣು ನಿಂತಿತು. ಏಳು ವರ್ಷದ ಹಿಂದೆ ಈ ಹೆಸರಿನ ಒಬ್ಬ ಅಜ್ಜ ತಮ್ಮ ಡಿಕ್ಲರೇಶನ್ ಆದೇಶದ ನಕಲಿಗಾಗಿ ನಾಲ್ಕು ಸಲ ಬಂದಿದ್ದರು. ನಾನು ಎರಡು ಕಟ್ಟು ನೋಡಿ, ಮೂರನೆಯದನ್ನು ನೋಡದೆ, 'ಕಡತ ಲಭ್ಯವಿಲ್ಲ' ಎಂದು ಹಿಂಬರಹ ಕೊಟ್ಟಿದ್ದೆ. ಅವರು ಅದನ್ನು ಓದಿ, "ಆಯ್ತು ಮಾರಾಯ್ರೆ" ಎಂದು ಚೀಲದೊಳಗೆ ಇಟ್ಟುಕೊಂಡು ಹೋಗಿದ್ದರು. ಈಗ ಆ ಕಡತ ಪಕ್ಕದ ಗ್ರಾಮದ ಕಟ್ಟಿನೊಳಗೆ ಇತ್ತು. 34 ಪುಟ, ಆದೇಶ ಸಮೇತ.

ಪಶ್ಚಾತ್ತಾಪಕ್ಕೆ ಪಾಳಿಯಲ್ಲಿ ಕುಕ್ಕುಚ್ಚ ಎನ್ನುತ್ತಾರೆ, ಅದೂ ಒಂದು ನೀವರಣ ಎಂದು ಕಳೆದ ತಿಂಗಳು ಓದಿದೆವು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಮೇಲಿನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈದರು, ದೃಢೀಕೃತ ನಕಲಿಗೆ ಸಹಿಯನ್ನೂ ಹಾಕಿದರು.

ಅಜ್ಜ ತೀರಿಕೊಂಡು ವರ್ಷ ಕಳೆದಿತ್ತು. ಅವರ ಹೆಂಡತಿ ಬೆಳ್ತಂಗಡಿ ಹತ್ತಿರ ಮಗಳ ಮನೆಯಲ್ಲಿ ಇದ್ದಾರೆಂದು ತಿಳಿದು ಭಾನುವಾರ ಹೋದೆ. ತಪ್ಪು ನನ್ನದೇ ಎಂದು ಹೇಳಿದೆ. ಮಗಳಿಗೆ ಸಿಟ್ಟು ಬಂತು, ಬರಬೇಕಾದದ್ದೇ. ನಕಲು ಇಲ್ಲದೆ ಜಾಗದ ಪಾಲು ಅಷ್ಟು ವರ್ಷ ನಿಂತಿತ್ತು. ಅಜ್ಜಿ ಮಾತ್ರ ಕಾಗದ ಹಿಡಿದು, "ಆರೆನ ಪುದರ್ ಉಂಡಾ?" ಎಂದು ಕೇಳಿದರು. ಅವರ ಹೆಸರು ಇದೆಯಾ ಎಂದು. ನಾನು ಬೆರಳಿಟ್ಟು ತೋರಿಸಿದೆ. ಓದಲು ಬಾರದ ಅವರು ಆ ಸಾಲಿನ ಮೇಲೆ ತುಂಬ ಹೊತ್ತು ಕೈ ಇಟ್ಟುಕೊಂಡೇ ಇದ್ದರು. ಮಗಳು ಒಳಗೆ ಹೋಗಿ ಬೆಲ್ಲ ನೀರು ತಂದಳು.

ಸಂಯುತ್ತ ನಿಕಾಯದಲ್ಲಿ ಉಣ್ಣಾಭನೆಂಬ ಬ್ರಾಹ್ಮಣ ಆನಂದರನ್ನು ಕೇಳುತ್ತಾನೆ: ಛಂದದಿಂದಲೇ ಛಂದವನ್ನು ಬಿಡುವುದು ಹೇಗೆ, ಅದಕ್ಕೆ ಕೊನೆಯೇ ಇರುವುದಿಲ್ಲವಲ್ಲ? ಆನಂದರು ತಿರುಗಿ ಕೇಳುತ್ತಾರೆ: ಈ ಆರಾಮಕ್ಕೆ ಬರಬೇಕೆಂಬ ಛಂದ ನಿನಗಿತ್ತಲ್ಲ, ಬಂದು ಮುಟ್ಟಿದ ಮೇಲೆ ಅದು ಎಲ್ಲಿದೆ? ತಣ್ಹೆ ಸಿಕ್ಕಿದಷ್ಟೂ ಇನ್ನೂ ಕೇಳುತ್ತದೆ. ಛಂದ ಕೆಲಸ ಮುಟ್ಟಿಸಿ ಶಾಂತವಾಗುತ್ತದೆ. ಹಿಂದಿರುಗುವ ಬಸ್ಸಿನಲ್ಲಿ ನನ್ನ ಮನಸ್ಸಿಗೆ ಏನೂ ಬೇಕಾಗಿರಲಿಲ್ಲ, ಮನೆಗೆ ಬೇಗ ಮುಟ್ಟಬೇಕು ಎಂದೂ ಇರಲಿಲ್ಲ.

ಸೋಮವಾರ ಅದೇ ಕಟ್ಟು ಬಿಚ್ಚಿದೆ. ತಪ್ಪು ಗ್ರಾಮಕ್ಕೆ ಸೇರಿದ ಕಡತಗಳು ಅದರಲ್ಲಿ ಇನ್ನೂ 11 ಇದ್ದವು. ಸ್ವಯಂ ನಿವೃತ್ತಿಯ ಅರ್ಜಿ ಈಗಲೂ ಬ್ಯಾಗಿನಲ್ಲೇ ಇದೆ, ಅದರ ಹಿಂಬದಿಯಲ್ಲಿ ಆ 11 ಹೆಸರು ಬರೆದುಕೊಂಡಿದ್ದೇನೆ. ಏಳು ಮನೆ ಸಿಕ್ಕಿದೆ.

ನಾಳೆಯ ಪಾಠ: ವಿರಿಯ.