ಹಾವಲ್ಲ, ಹಾವುಮೀನು

ಕೆರೆ ಕೋಡಿ ಬಿದ್ದಾಗ, ಬಾವಿಯ ಹೂಳು ತೆಗೆಯುವಾಗ, ಉದ್ದಕ್ಕೆ ನುಣುಪಾಗಿ ಹರಿದಾಡುವ ಜೀವಿಯೊಂದು ಕಂಡರೆ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಹಾವು’. ಕೈಗೆ ಮೊದಲು ಸಿಗುವುದು ದೊಣ್ಣೆ. ಹೀಗೆ ಏಟು ತಿನ್ನುವ ಜೀವಿ ಕೆಲವೊಮ್ಮೆ ಹಾವೇ ಆಗಿರುವುದಿಲ್ಲ, ಅದು ಮೀನು. ಕನ್ನಡದಲ್ಲಿ ಹಾವುಮೀನು, ತಮಿಳಿನಲ್ಲಿ ವಿಲಾಂಗು. ಎರಡು ಭಾಷೆಗಳು ಬೆರೆತ ನಮ್ಮ ಹೊಸೂರು ಸೀಮೆಯಲ್ಲಿ ಎರಡೂ ಹೆಸರನ್ನು ತಿಳಿದಿರುವುದು ಒಳ್ಳೆಯದು.

ಗುರುತಿಸುವುದು ಹೇಗೆ?

ಹಾವುಮೀನಿನ ತಲೆಯ ಹಿಂದೆ, ಎರಡು ಪಕ್ಕಗಳಲ್ಲಿಯೂ ಕಿವಿರಿನ ಸಣ್ಣ ತೂತು ಮತ್ತು ಪುಟ್ಟ ರೆಕ್ಕೆ ಇರುತ್ತದೆ. ಬೆನ್ನಿನಿಂದ ಬಾಲವನ್ನು ಸುತ್ತಿ ಹೊಟ್ಟೆಯ ಕೆಳಗಿನವರೆಗೆ ಒಂದೇ ರೆಕ್ಕೆ ಅಂಚು ಕಟ್ಟಿದಂತೆ ಕಾಣುತ್ತದೆ. ಮೈ ಲೋಳೆಯಿಂದ ಜಾರುತ್ತದೆ. ಹಾವಿಗೆ ಕಿವಿರಿಲ್ಲ, ರೆಕ್ಕೆಯಿಲ್ಲ. ಮೈ ಒಣಗಿದ ಹುರುಪೆಯಿಂದ ಕೂಡಿರುತ್ತದೆ. ಸೀಳು ನಾಲಿಗೆ ಹೊರಚಾಚುತ್ತದೆ. ನೀರಿನಲ್ಲಿ ನಾವು ಕಾಣುವ ನೀರೊಳ್ಳೆ ಹಾವಿಗೂ ವಿಷವಿಲ್ಲ, ಅದನ್ನೂ ಕೊಲ್ಲಬೇಕಾಗಿಲ್ಲ. ತಮಿಳರು ‘ಆರಲ್’ ಎನ್ನುವ, ಬೆನ್ನ ಮೇಲೆ ಮುಳ್ಳುಗಳಿರುವ ಮೀನು ಬೇರೆ ಜಾತಿಯದು. ಕರೆಂಟು ಹೊಡೆಯುವ ‘ವಿದ್ಯುತ್ ಹಾವುಮೀನು’ ಇರುವುದು ದಕ್ಷಿಣ ಅಮೆರಿಕದಲ್ಲಿ. ಹೆಸರಿನಲ್ಲಿ ಹಾವುಮೀನು ಎಂದಿದ್ದರೂ ಅದು ಈ ಕುಲಕ್ಕೆ ಸೇರಿದ್ದಲ್ಲ.

ಗಾದೆ ಹೇಳುವ ಕಥೆ

ಹಾವಿಗೆ ತಲೆ ತೋರಿಸಿ, ಮೀನಿಗೆ ಬಾಲ ತೋರಿಸಿ ಇಬ್ಬರಿಂದಲೂ ತಪ್ಪಿಸಿಕೊಳ್ಳುವುದು ವಿಲಾಂಗು ಎಂದು ತಮಿಳಿನಲ್ಲಿ ಒಂದು ಗಾದೆಯಿದೆ. ಎರಡು ಕಡೆಗೂ ಸಲ್ಲುವವನಂತೆ ನಟಿಸುವ ಮನುಷ್ಯನಿಗೆ ಈ ಮಾತನ್ನು ಅನ್ವಯಿಸುತ್ತಾರೆ. ದೂರದ ಸಮೋವಾ ದ್ವೀಪಗಳಲ್ಲಿ ಬೇರೊಂದು ಕಥೆ. ಸಿನಾ ಎಂಬ ಹುಡುಗಿಯನ್ನು ಪ್ರೀತಿಸಿದ ಹಾವುಮೀನು, ಸತ್ತ ಮೇಲೆ ತನ್ನ ತಲೆಯನ್ನು ಹೂಳಲು ಹೇಳಿತಂತೆ. ಅಲ್ಲಿಂದ ಹುಟ್ಟಿದ್ದೇ ಮೊದಲ ತೆಂಗಿನ ಮರ. ಸುಲಿದ ತೆಂಗಿನಕಾಯಿಯ ಮೂರು ಕಣ್ಣುಗಳು ಆ ಮೀನಿನ ಕಣ್ಣು ಮತ್ತು ಬಾಯಿ ಎಂದು ಅಲ್ಲಿಯ ಹಿರಿಯರು ಮಕ್ಕಳಿಗೆ ತೋರಿಸುತ್ತಾರೆ.

ಕಥೆಗಳಿರಲಿ, ಎರಡು ಲೋಕಗಳಿಗೆ ಸೇರಿದ ಜೀವಿ ಎಂಬ ಮಾತು ಮಾತ್ರ ನಿಜ. ಹಾವುಮೀನಿನ ಎರಡು ಲೋಕಗಳೆಂದರೆ ನದಿ ಮತ್ತು ಸಮುದ್ರ.

ಹುಟ್ಟಿನ ಗುಟ್ಟು

ಸಾಮಾನ್ಯ ಮೀನುಗಳಲ್ಲಿ ಕಾಣುವಂತೆ ಮೊಟ್ಟೆ ತುಂಬಿದ ಹಾವುಮೀನನ್ನು ನದಿಯಲ್ಲಿ ಯಾರೂ ಕಾಣಲಿಲ್ಲ. ಆದ್ದರಿಂದ ಗ್ರೀಕ್ ಪಂಡಿತ ಅರಿಸ್ಟಾಟಲ್, ಇವು ಕೆಸರಿನಿಂದಲೇ ಹುಟ್ಟುತ್ತವೆ ಎಂದು ಭಾವಿಸಿದ. ಮುಂದೆ ಮನೋವಿಜ್ಞಾನಿಯಾಗಿ ಹೆಸರಾದ ಸಿಗ್ಮಂಡ್ ಫ್ರಾಯ್ಡ್, 1876ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಟ್ರಿಯೆಸ್ಟ್ ನಗರದಲ್ಲಿ ಸುಮಾರು 400 ಹಾವುಮೀನುಗಳನ್ನು ಸೀಳಿ ಗಂಡಿನ ಜನನಾಂಗವನ್ನು ಹುಡುಕಿದ. ಖಚಿತ ಉತ್ತರ ಸಿಗಲಿಲ್ಲ. 1896ರಲ್ಲಿ ಇಟಲಿಯ ವಿಜ್ಞಾನಿ ಗ್ರಾಸ್ಸಿ, ಸಮುದ್ರದಲ್ಲಿ ಸಿಗುವ ಎಲೆಯಾಕಾರದ ಪಾರದರ್ಶಕ ಪುಟ್ಟ ಜೀವಿಯೊಂದು ಹಾವುಮೀನಿನ ಮರಿಯೇ ಎಂದು ತೋರಿಸಿಕೊಟ್ಟರು. ಡೆನ್ಮಾರ್ಕಿನ ಯೊಹಾನೆಸ್ ಷ್ಮಿಟ್ 1904ರಿಂದ ಸುಮಾರು 18 ವರ್ಷ ಅಟ್ಲಾಂಟಿಕ್ ಸಾಗರದಲ್ಲಿ ಬಲೆ ಬೀಸಿ, ಯೂರೋಪಿನ ಹಾವುಮೀನು ಸಾವಿರಾರು ಕಿಲೋಮೀಟರ್ ಆಚೆ ಸರ್ಗಾಸೋ ಸಮುದ್ರದಲ್ಲಿ ಹುಟ್ಟುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಇಷ್ಟಾದರೂ ಹಾವುಮೀನು ಕಡಲಿನಲ್ಲಿ ಮೊಟ್ಟೆಯಿಡುವುದನ್ನು ಇಂದಿಗೂ ಯಾರೂ ಕಣ್ಣಾರೆ ಕಂಡಿಲ್ಲ.

ನಮ್ಮ ದಕ್ಷಿಣ ಭಾರತದ ನದಿಗಳ ಹಾವುಮೀನಿನ ಬಾಳೂ ಹೀಗೆಯೇ. ಅದು ಕಡಲಿನಲ್ಲಿ ಹುಟ್ಟುತ್ತದೆ. ಗಾಜಿನಂತಹ ಮರಿಯಾಗಿ ಅಳಿವೆಯ ಮೂಲಕ ನದಿಗೆ ಬರುತ್ತದೆ. ಒದ್ದೆ ಬಂಡೆಗಳನ್ನು ಹತ್ತಿ, ರಾತ್ರಿ ಹೊತ್ತು ತೇವವಾದ ಹುಲ್ಲಿನ ಮೇಲೂ ಹರಿದು, ಒಳನಾಡಿನ ಹೊಳೆ ಕೆರೆಗಳನ್ನು ಸೇರುತ್ತದೆ. ಚರ್ಮದ ಮೂಲಕವೂ ಉಸಿರಾಡಬಲ್ಲುದರಿಂದ ಇದು ಸಾಧ್ಯ. ಮೀನು, ಏಡಿ, ಹುಳುಗಳನ್ನು ತಿಂದು ವರ್ಷಗಟ್ಟಲೆ ಬೆಳೆಯುತ್ತದೆ. ಕಾಲ ಬಂದಾಗ ಆಹಾರ ಬಿಟ್ಟು, ಬಂದ ದಾರಿಯಲ್ಲೇ ಕಡಲಿಗೆ ಮರಳಿ, ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತದೆ.

ನಮ್ಮ ಪೆಣ್ಣಾರಿನ ದಾರಿ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ, ಹೊಸೂರಿನ ಬಳಿ ಹರಿದು, ತೆನ್‌ಪೆಣ್ಣೈ ಎಂಬ ಹೆಸರಿನಿಂದ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಈ ನದಿಯ ಯಾವುದೇ ಹಾವುಮೀನು ಮೂಲತಃ ಆ ಅಳಿವೆಯಿಂದಲೇ ಬಂದಿರಬೇಕು. ಅಲ್ಲಿಂದ ಹೊಸೂರಿಗೆ ಬರುವ ಮರಿಯ ಎದುರಿಗೆ ಈಗ ಸಾತನೂರು, ಕೃಷ್ಣಗಿರಿ, ಕೆಲವರಪಳ್ಳಿ ಅಣೆಕಟ್ಟೆಗಳು ಸಾಲಾಗಿ ನಿಂತಿವೆ. ಮೊದಲಿನ ಎರಡೂ 1950ರ ದಶಕದವು. ಈ ಕಟ್ಟೆಗಳು ನಮ್ಮ ಗದ್ದೆ ತೋಟಗಳಿಗೆ ನೀರುಣಿಸಿವೆ. ಅವನ್ನು ದೂರುವುದು ನ್ಯಾಯವಲ್ಲ. ಆದರೆ ಒದ್ದೆ ಬಂಡೆ ಹತ್ತಬಲ್ಲ ಮರಿಗೆ ಎತ್ತರದ ಒಣ ಗೋಡೆ ಹತ್ತಲಾಗದು. ಹೊರದೇಶಗಳಲ್ಲಿ ಅಣೆಕಟ್ಟೆಗಳ ಪಕ್ಕದಲ್ಲಿ ಕುಂಚದಂತಹ ಒರಟು ಹಾಸಿನ ಮೇಲೆ ಸ್ವಲ್ಪ ನೀರು ಹರಿಯಬಿಟ್ಟು ಮರಿಗಳಿಗೆ ಏಣಿ ಮಾಡಿಕೊಡುತ್ತಾರೆ.

ಇನ್ನೊಂದು ಅಡ್ಡಿ ಕೊಳಕು ನೀರು. ಬೆಂಗಳೂರಿನ ಕಡೆಯಿಂದ ಬರುವ ಚರಂಡಿ ಮತ್ತು ಕಾರ್ಖಾನೆಗಳ ನೀರಿನಿಂದ ಕೆಲವರಪಳ್ಳಿಯಲ್ಲಿ ಬೆಟ್ಟದಂತೆ ನೊರೆ ಏಳುವುದು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ. ಯೂರೋಪಿನ ಹಾವುಮೀನನ್ನು 2008ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ನಮ್ಮದು ಆ ಸ್ಥಿತಿಗೆ ಇನ್ನೂ ತಲುಪಿಲ್ಲವಾದರೂ ಅಪಾಯಕ್ಕೆ ಹತ್ತಿರವಿರುವ ಜೀವಿಗಳಲ್ಲಿ ಒಂದು.

ಊಟದ ತಟ್ಟೆಯಲ್ಲಿ

ಜಪಾನಿನಲ್ಲಿ ಬೇಸಿಗೆಯ ಒಂದು ವಿಶೇಷ ದಿನ ಕೆಂಡದ ಮೇಲೆ ಸುಟ್ಟ ಹಾವುಮೀನು ತಿನ್ನುವ ವಾಡಿಕೆಯಿದೆ. ಇಟಲಿಯ ನೇಪಲ್ಸ್ ಕಡೆ ಮಾಂಸ ವರ್ಜಿಸುವ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟಕ್ಕೆ ದೊಡ್ಡ ಹಾವುಮೀನು ಬೇಕೇ ಬೇಕು. ಯೆಹೂದ್ಯರು ಮಾತ್ರ ತಿನ್ನುವುದಿಲ್ಲ; ರೆಕ್ಕೆಯೂ ಹುರುಪೆಯೂ ಇಲ್ಲದ ಜಲಜೀವಿಗಳನ್ನು ಯಾಜಕಕಾಂಡದ 11ನೆಯ ಅಧ್ಯಾಯ ನಿಷೇಧಿಸುತ್ತದೆ, ಹಾವುಮೀನಿನ ಹುರುಪೆ ಕಣ್ಣಿಗೆ ಕಾಣದಷ್ಟು ಸಣ್ಣದು. 1285ರಲ್ಲಿ ತೀರಿಕೊಂಡ ಜಗದ್ಗುರು ನಾಲ್ಕನೆಯ ಮಾರ್ಟಿನ್ ಅವರಿಗೆ ಬೊಲ್ಸೇನಾ ಸರೋವರದ ಹಾವುಮೀನೆಂದರೆ ಪ್ರಾಣ. ಕವಿ ದಾಂತೆ ತಮ್ಮ ಮಹಾಕಾವ್ಯದಲ್ಲಿ ಅವರನ್ನು ಶುದ್ಧೀಕರಣ ಸ್ಥಳದ ಹೊಟ್ಟೆಬಾಕರ ಸಾಲಿನಲ್ಲಿ, ಉಪವಾಸದಿಂದ ಆ ಚಪಲವನ್ನು ತೀರಿಸುತ್ತಿರುವಂತೆ ಚಿತ್ರಿಸಿದ್ದಾರೆ. ನಾಲಿಗೆಯ ವಿಷಯದಲ್ಲಿ ಪದವಿ ಯಾರನ್ನೂ ಕಾಪಾಡದು!

ನೂರು ಗ್ರಾಂ ಹಾವುಮೀನಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್, 12 ಗ್ರಾಂನಷ್ಟು ಕೊಬ್ಬು ಇರುತ್ತದೆ. ‘ಎ’ ಜೀವಸತ್ವ ಹೇರಳ. ಪುಷ್ಟಿಕರವೇ ಸರಿ, ಆದರೆ ಎರಡು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು, ಇದರ ಹಸಿ ರಕ್ತ ವಿಷ. ಚೆನ್ನಾಗಿ ಬೇಯಿಸಿದರೆ ಆ ವಿಷ ನಾಶವಾಗುತ್ತದೆ. ಈಶಾನ್ಯ ಭಾರತದ ಕೆಲವೆಡೆ ಕುಚಿಯಾ ಎಂಬ ಬೇರೊಂದು ಮೀನಿನ ಹಸಿ ರಕ್ತವನ್ನು ರಕ್ತಹೀನತೆಗೆ ಔಷಧಿಯೆಂದು ಕುಡಿಯುವುದುಂಟು. ಅದನ್ನು ಕೇಳಿ ಹಾವುಮೀನಿನ ರಕ್ತವನ್ನು ಯಾರೂ ಬಾಯಿಗೆ ಹಾಕಬಾರದು. ರಕ್ತಹೀನತೆಗೆ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣಾಂಶದ ಮಾತ್ರೆ ದೊರೆಯುತ್ತದೆ, ಅದು ಸಾಕು.

ಎರಡನೆಯದು, ಕೊಬ್ಬು ಹೆಚ್ಚಿರುವ, ಬಹುಕಾಲ ಬದುಕುವ ಮೀನು ತಾನಿರುವ ನೀರಿನ ರಾಸಾಯನಿಕ ವಿಷಗಳನ್ನು ತನ್ನ ಕೊಬ್ಬಿನಲ್ಲಿ ಕೂಡಿಡುತ್ತದೆ. ಬೇಯಿಸಿದರೂ ಆ ವಿಷ ಹೋಗದು. ನೊರೆ ಏಳುವ ನೀರಿನಲ್ಲಿ ಹಿಡಿದ ಹಾವುಮೀನು ಎಷ್ಟೇ ಕೊಬ್ಬಿದ್ದರೂ ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ. ದೊಡ್ಡವರೂ ಬಿಡುವುದೇ ಲೇಸು.

ರೈತ ಬಾಂಧವರು ಗಮನಿಸಬೇಕಾದದ್ದು

1. ಬಾವಿ, ಕೆರೆಯಲ್ಲಿ ಕಂಡದ್ದನ್ನು ಹೊಡೆಯುವ ಮೊದಲು ದೂರದಿಂದಲೇ ಗಮನಿಸಿ. ಹಾವೋ ಮೀನೋ ತಿಳಿಯದಿದ್ದರೆ ಕೈಹಾಕದೆ ಅದರ ಪಾಡಿಗೆ ಬಿಡಿ.

2. ಹಾವುಮೀನು ಸಾಕುತ್ತೇವೆಂದು ಹಣ ಹೂಡುವ ಮುನ್ನ ಯೋಚಿಸಿ. ಕಾಟ್ಲಾ, ರೋಹು ಮರಿಗಳಂತೆ ಇದರ ಮರಿಗಳು ಮೀನುಮರಿ ಕೇಂದ್ರದಲ್ಲಿ ಸಿಗುವುದಿಲ್ಲ. ಜಪಾನಿನ ವಿಜ್ಞಾನಿಗಳು 2010ರಲ್ಲಿ ಇದರ ಜೀವನಚಕ್ರವನ್ನು ಪ್ರಯೋಗಾಲಯದಲ್ಲಿ ಪೂರ್ಣಗೊಳಿಸಿದರೂ, ಸಾಕಣೆ ಬಹುಪಾಲು ಕಡಲಿನಿಂದ ಹಿಡಿದ ಮರಿಗಳನ್ನೇ ನಂಬಿದೆ.

3. ಶುದ್ಧ ನೀರಿನ ಮೀನು ಸಿಕ್ಕಿದರೆ ಬೂದಿ ಅಥವಾ ಉಪ್ಪಿನಿಂದ ಉಜ್ಜಿ ಲೋಳೆ ತೆಗೆಯಿರಿ. ರಕ್ತ ಕಣ್ಣಿಗೆ, ಗಾಯಕ್ಕೆ ತಾಗದಿರಲಿ. ಮೀನಿನಲ್ಲೇ ಕೊಬ್ಬಿರುವುದರಿಂದ ಹುಣಸೆ ಹುಳಿಯ ಸಾರಿಗೆ ಎಣ್ಣೆ ಕಡಿಮೆ ಸಾಕು.

4. ಕೀಟನಾಶಕದ ಡಬ್ಬಿ, ಸಿಂಪಡಿಸುವ ಯಂತ್ರಗಳನ್ನು ಕೆರೆ ಕಾಲುವೆಗಳಲ್ಲಿ ತೊಳೆಯಬೇಡಿ. ಬೆಂಗಳೂರಿನ ನೊರೆಯನ್ನು ನಾವೊಬ್ಬರೇ ತಡೆಯಲಾರೆವು. ನಮ್ಮ ಹೊಲದ ವಿಷವನ್ನು ತಡೆಯಬಲ್ಲೆವು.

ಹಾವುಮೀನು ಬದುಕಬೇಕಾದರೆ ಬೆಟ್ಟದಿಂದ ಕಡಲಿನವರೆಗೆ ನದಿ ಒಂದೇ ಆಗಿ ಹರಿಯಬೇಕು, ಆ ನೀರು ಶುದ್ಧವಾಗಿರಬೇಕು. ಅದೇ ನೀರನ್ನು ನಂಬಿ ಟೊಮೇಟೊ, ಕೋಸು, ಹೂ ಬೆಳೆಯುವ ನಮಗೆ ಬೇಕಾದದ್ದೂ ಅದೇ.