ಛೇದದಲ್ಲಿ ಯಾರ್ಯಾರು? ಏಳನೇ ತರಗತಿಯ ಒಂದು ಭಿನ್ನರಾಶಿ ಪಾಠ

ಬೋಧನಾಭ್ಯಾಸದಲ್ಲಿ ನನಗೆ ಬಂದ ಒಂಬತ್ತನೇ ಪಾಠ ಭಿನ್ನರಾಶಿಗಳ ಗುಣಾಕಾರ. ಆರನೇ ಒಂದರಲ್ಲಿ ಮೂರನೇ ಒಂದು ಎಷ್ಟು ಎಂಬುದನ್ನು ಮಕ್ಕಳು ಅರ್ಥಮಾಡಿಕೊಳ್ಳಬೇಕು. ರೊಟ್ಟಿ, ಕೇಕು, ಚಾಕೊಲೇಟನ್ನೆಲ್ಲ ನನಗಿಂತ ಮುಂಚೆ ಬಂದ ಪ್ರಶಿಕ್ಷಣಾರ್ಥಿಗಳು ಕತ್ತರಿಸಿ ಮುಗಿಸಿದ್ದರು. ಈ ಮಕ್ಕಳ ಮನೆಗಳಲ್ಲಿ ನಿಜವಾಗಿ ಭಾಗವಾಗುವುದು ಜಮೀನು. ಹಾಗಾಗಿ ಈ ಸಮಸ್ಯೆ ಬರೆದೆ:

‘ಒಬ್ಬ ಹಿಂದೂ ರೈತ ತಾನೇ ದುಡಿದು ಕೊಂಡ 4 ಎಕರೆ 20 ಗುಂಟೆ ಜಮೀನು ಬಿಟ್ಟು, ಉಯಿಲು ಬರೆಯದೆ ತೀರಿಕೊಂಡ. ತಾಯಿ, ಹೆಂಡತಿ, ಒಬ್ಬ ಮಗ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಇನ್ನೊಬ್ಬ ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದು, ಅವನಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ. ಯಾರಿಗೆ ಎಷ್ಟು?’

ನನ್ನ ಮೊದಲ ಉತ್ತರವೇ ತಪ್ಪಾಗಿತ್ತು. ಐದು ಪಾಲು ಮಾಡಿದ್ದೆ. ಮೃತನ ತಾಯಿಯನ್ನು ಬಿಟ್ಟಿದ್ದೆ. ಪಾಠ ಯೋಜನೆ ನೋಡಿದ ಮಾರ್ಗದರ್ಶಕರು ‘ಕಾನೂನು ಓದಿಕೊಂಡು ಬನ್ನಿ’ ಎಂದು ಅಂಚಿನಲ್ಲಿ ಬರೆದು ವಾಪಸು ಕೊಟ್ಟರು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 10ನೇ ಪ್ರಕರಣ ತೆಗೆದು ನೋಡಿದೆ. ಹೆಂಡತಿಗೆ ಒಂದು ಪಾಲು, ತಾಯಿಗೆ ಒಂದು, ಬದುಕಿರುವ ಪ್ರತಿ ಮಗನಿಗೂ ಮಗಳಿಗೂ ಒಂದೊಂದು; ತೀರಿಕೊಂಡ ಮಗನ ಹೆಂಡತಿ ಮಕ್ಕಳಿಗೆ ಎಲ್ಲ ಸೇರಿ ಒಂದು. ಒಟ್ಟು ಆರು. ತಾಯಿ ಒಂದನೇ ವರ್ಗದ ವಾರಸುದಾರಳು, ತಂದೆ ಮಾತ್ರ ಎರಡನೇ ವರ್ಗದಲ್ಲಿ ಎಂಬುದು ನನಗೆ ಗೊತ್ತೇ ಇರಲಿಲ್ಲ.

ತರಗತಿಯಲ್ಲಿ ಮೊದಲ ತೊಡಕು ಅಳತೆಯದು. ಪಹಣಿಯಲ್ಲಿ 4-20 ಎಂದಿರುವುದನ್ನು ಹಲವರು 4.20 ಎಕರೆ ಎಂದು ಬರೆದರು. ಎಕರೆಗೆ 40 ಗುಂಟೆ, ಆದ್ದರಿಂದ ಇದು ನಾಲ್ಕೂವರೆ ಎಕರೆ, 180 ಗುಂಟೆ. ದಶಮಾಂಶ ಕಲಿಸುವವರು ಈ ತಪ್ಪನ್ನು ಬೇಕೆಂದೇ ಮಾಡಿಸಿ ತಿದ್ದಿಸಬಹುದು.

ಆಮೇಲಿನದು ಅಳತೆಯ ತಪ್ಪಲ್ಲ. ಆರು ಗುಂಪುಗಳಲ್ಲಿ ನಾಲ್ಕು ‘ಇಬ್ಬರು ಗಂಡುಮಕ್ಕಳು, 180 ÷ 2 = 90’ ಎಂದು ಬರೆದವು. ಒಂದು ಗುಂಪು ಹೆಂಡತಿಯನ್ನೂ ಸೇರಿಸಿ ಮೂರು ಮಾಡಿತು. ಇನ್ನೊಂದು ಗುಂಪು ತೀರಿಕೊಂಡ ಮಗನನ್ನೂ ತೆಗೆದುಹಾಕಿ ಪೂರ್ತಿ 180 ಗುಂಟೆಯನ್ನು ಉಳಿದ ಮಗನಿಗೇ ಕೊಟ್ಟಿತ್ತು. ಹುಡುಗಿಯರದೇ ಗುಂಪುಗಳು ಎರಡಿದ್ದವು. ಅವರೂ ಹೆಣ್ಣುಮಕ್ಕಳನ್ನು ಎಣಿಸಿರಲಿಲ್ಲ. ಕೇಳಿದರೆ ‘ಮದುವೆ ಖರ್ಚು ಆಗಿದೆಯಲ್ಲ ಮಿಸ್’ ಎಂದರು. ಭಾಗಾಕಾರ ಎಲ್ಲರದೂ ಸರಿಯಾಗಿತ್ತು. ಕೆಂಪು ಶಾಯಿ ಎಲ್ಲಿ ಹಾಕಲಿ?

ಹದಿನೆಂಟು ಕಡ್ಡಿ ತಂದಿದ್ದೆ, ಒಂದೊಂದು ಹತ್ತು ಗುಂಟೆಗೆ. ಮೂರರಂತೆ ಆರು ಕಟ್ಟು ಕಟ್ಟಿಸಿ, ಒಂದೊಂದು ಕಟ್ಟು ಯಾರದೆಂದು ಹೇಳಿಸಿದೆ. ತೀರಿಕೊಂಡ ಮಗನ ಕಟ್ಟನ್ನು ಬಿಚ್ಚಿ ಅವನ ಹೆಂಡತಿಗೆ, ಇಬ್ಬರು ಮಕ್ಕಳಿಗೆ ಒಂದೊಂದು ಕಡ್ಡಿ ಕೊಡಿಸಿದೆ. ಆರನೇ ಒಂದರಲ್ಲಿ ಮೂರನೇ ಒಂದು ಹದಿನೆಂಟನೇ ಒಂದು ಎಂಬುದನ್ನು ಸೂತ್ರ ಹೇಳದೆಯೇ ಕಂಡುಕೊಂಡರು. ಹೀಗೆ ದುಡಿದು ಕೊಂಡ ಆಸ್ತಿಯಲ್ಲಿ ಮಗಳ ಸಮಪಾಲು 1956ರಿಂದಲೇ ಇದೆ. ನಮ್ಮಲ್ಲೂ ಅನೇಕರು ಅದನ್ನು 2005ರ ತಿದ್ದುಪಡಿ ಎಂದುಕೊಂಡಿದ್ದಾರೆ. ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟದ್ದು. ಅಲ್ಲಿ ಲೆಕ್ಕದ ದಾರಿಯೇ ಬೇರೆ, ಏಳನೇ ತರಗತಿಗೆ ಅದು ಬೇಡ.

‘ನಮಗೂ ಹೀಗೇನಾ?’ ಎಂದು ಒಬ್ಬ ಮುಸ್ಲಿಂ ಹುಡುಗ ಕೇಳಿದ. ಅಲ್ಲ. ಅವರಲ್ಲಿ ಮಕ್ಕಳಿದ್ದಾಗ ಹೆಂಡತಿಗೆ 1/8, ಮಗಳ ಎರಡರಷ್ಟು ಮಗನಿಗೆ. ಕ್ರೈಸ್ತರಲ್ಲಿ ಹೆಂಡತಿಗೆ 1/3, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ. ಈ ಎರಡೂ ಒಳ್ಳೆಯ ಅಭ್ಯಾಸ ಲೆಕ್ಕಗಳು. ನಾನು ಸಿದ್ಧಮಾಡಿಕೊಂಡು ಹೋಗಬೇಕಿತ್ತು.

ಗಂಟೆ ಹೊಡೆಯುವ ಮುಂಚೆ ಒಬ್ಬ ಹುಡುಗಿ ಎದ್ದು ನಿಂತು, ‘ಅಪ್ಪ ಇಲ್ಲದಿದ್ರೂ ಆ ಮೂರು ಕಡ್ಡಿ ಇರುತ್ತಾ ಮಿಸ್? ಚಿಕ್ಕಪ್ಪ ತಗೊಳ್ಳೋ ಹಾಗಿಲ್ವಾ?’ ಎಂದಳು. ಇರುತ್ತದೆ ಎಂದೆ. ಮಕ್ಕಳು ಚಿಕ್ಕವರಾಗಿದ್ದರೂ ಪಾಲು ಅವರದೇ. ಹಾಗೆ ಬಂದ ಜಮೀನನ್ನು ಜಿಲ್ಲಾ ನ್ಯಾಯಾಲಯದ ಅನುಮತಿ ಇಲ್ಲದೆ ತಾಯಿಯೂ ಮಾರುವಂತಿಲ್ಲ, ಮಾರಿದರೆ ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಪ್ರಶ್ನಿಸಬಹುದು ಎಂದೂ ಹೇಳಿದೆ. ಅವಳ ತಂದೆ ಹೋದ ವರ್ಷ ತೀರಿಕೊಂಡಿದ್ದಾರೆಂದು ತರಗತಿ ಶಿಕ್ಷಕರಿಂದ ಆಮೇಲೆ ತಿಳಿಯಿತು. ಮಕ್ಕಳ ಹಿನ್ನೆಲೆಯ ನಮೂನೆಯನ್ನು ನಾನು ಓದದೆ ಸಹಿ ಮಾಡಿದ್ದೆ. ಓದಿದ್ದರೆ ಈ ಸಮಸ್ಯೆಯನ್ನು ಹೀಗೆ ಬರೆಯುತ್ತಿದ್ದೆನೋ ಇಲ್ಲವೋ, ಇನ್ನೂ ನಿರ್ಧರಿಸಲಾಗಿಲ್ಲ. ಬರೆಯದಿದ್ದರೆ ಅವಳು ಆ ಪ್ರಶ್ನೆ ಕೇಳುತ್ತಿರಲಿಲ್ಲ.

ಅವರ ಜಮೀನು ಸ್ವಯಾರ್ಜಿತವೋ ಪಿತ್ರಾರ್ಜಿತವೋ, ಉಯಿಲು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ವಕೀಲೆಯಲ್ಲ. ತರಗತಿ ಶಿಕ್ಷಕರು ಅವಳ ತಾಯಿಯನ್ನು ಕರೆಸಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಗ್ಗೆ ತಿಳಿಸಿದರು. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ವರಮಾನದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಆ ಸಂಖ್ಯೆಯನ್ನು ಮರುದಿನ ಎಲ್ಲರ ಪುಸ್ತಕದಲ್ಲೂ ಬರೆಸಿದೆ, ಅವಳೊಬ್ಬಳನ್ನೇ ಎತ್ತಿ ತೋರಿಸಿದಂತೆ ಆಗಬಾರದೆಂದು.

ತಿದ್ದಿದ ಯೋಜನೆಯಲ್ಲಿ ಭಾಗಾಕಾರಕ್ಕೆ ಮೊದಲು ಹತ್ತು ನಿಮಿಷ ವಾರಸುದಾರರ ಹೆಸರು ಬರೆಯುವುದಕ್ಕೇ ಇಟ್ಟಿದ್ದೇನೆ. ಅಂಕ ಕೊಡುವಾಗ ಛೇದಕ್ಕೆ ಎರಡು, ಲೆಕ್ಕಕ್ಕೆ ಒಂದು.