ಖಾಲಿ ಬೇರೆ, ಸೊನ್ನೆ ಬೇರೆ

ಪ್ರಶ್ನೆ: ಶ್ರೀಮಂಗಲದ ಕಾಫಿ ಬೆಳೆಗಾರರ ಮಗಳು ನಾನು. ಬಿ.ಇ. ಮುಗಿಸಿದ್ದೇನೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಆನ್‌ಲೈನ್ ಟೆಸ್ಟ್ ಪಾಸಾಗುತ್ತೇನೆ, ಆದರೆ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿಹೋಗುತ್ತದೆ. ಎರಡು ಕಡೆ ಹೀಗೇ ಆಯಿತು. ಪ್ರಾಜೆಕ್ಟ್ ಅಂತ ಹೇಳಿಕೊಳ್ಳಲು, ಅಪ್ಪ ಬರೆದಿಟ್ಟ ಮಳೆ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದ್ದು ಬಿಟ್ಟರೆ ಬೇರೇನೂ ಇಲ್ಲ; ಅದನ್ನು ಹೇಳಲು ನಾಚಿಕೆ. ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ. ಆಯ್ಕೆಯಾದರೂ ಮೈಸೂರಿನ ಟ್ರೈನಿಂಗ್‌ನಲ್ಲಿ ಫೇಲಾದರೆ ಮನೆಗೆ ಕಳಿಸುತ್ತಾರಂತೆ. ತೋಟ ನೋಡಿಕೊಂಡು ಇದ್ದುಬಿಡಲೇ?

ಉತ್ತರ: ನಾಚಿಕೆ ಅನ್ನಿಸುತ್ತಿರುವ ಆ ಪ್ರಾಜೆಕ್ಟನ್ನೇ ಮೊದಲು ಹೇಳಿ. ಎಲ್ಲಿಂದಲೋ ಇಳಿಸಿಕೊಂಡ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ತೋರಿಸುವವರು ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ನಿಮ್ಮದು ನೀವೇ ಕೂತು ಮಾಡಿದ ಕೆಲಸ.

ಅಪ್ಪನ ಲೆಕ್ಕ ಇಂಚು, ಸೆಂಟಿನಲ್ಲಿರುತ್ತದೆ. ಹವಾಮಾನ ಇಲಾಖೆಯದು ಮಿಲಿಮೀಟರಿನಲ್ಲಿ. ಒಂದು ಇಂಚಿಗೆ ನೂರು ಸೆಂಟು, 25.4 ಮಿ.ಮೀ. ಇಂಟರ್‌ವ್ಯೂನಲ್ಲಿ ಕೇಳಬಹುದು: ಇಂಚನ್ನು ಮಿ.ಮೀ.ಗೆ ನೀವು ಬದಲಿಸಿದ್ದು ಲೆಕ್ಕ ಉಳಿಸುವಾಗಲೋ, ತೋರಿಸುವಾಗಲೋ? ಯಾಕೆ? ಒಂದು ದಿನದ ಸಾಲು ಖಾಲಿಯಿದ್ದರೆ ಅವತ್ತು ಮಳೆಯಾಗಲಿಲ್ಲವೆಂದೋ, ಅಪ್ಪ ಊರಲ್ಲಿರಲಿಲ್ಲವೆಂದೋ? ಮಾರ್ಚಿನ ಅಂಥ ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ, ರೊಬಸ್ಟಾ ಕಾಫಿ ಗಿಡ ಹೂಬಿಡಲು ಕಾದು ಕುಳಿತಿದ್ದ ಒಂದಿಂಚಿನ ಹೂಮಳೆಯೇ ಲೆಕ್ಕದಿಂದ ಬಿಟ್ಟುಹೋಗಬಹುದು. ಡೇಟಾಬೇಸ್‌ನಲ್ಲಿ ನಲ್ (ಖಾಲಿ) ಬೇರೆ, ಸೊನ್ನೆ ಬೇರೆ ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಹಾಗೇಕೆ ಎಂಬುದಕ್ಕೆ ನಿಮ್ಮ ತೋಟದಲ್ಲೇ ಉದಾಹರಣೆಯಿದೆ.

ಇದೆಲ್ಲವನ್ನೂ ಇವತ್ತು ರಾತ್ರಿಯೇ ಅಪ್ಪನಿಗೆ ನಿಮ್ಮ ಮನೆಮಾತಿನಲ್ಲಿ ವಿವರಿಸಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳಿ. ಬೆಂಗಳೂರಿನ ಉಚ್ಚಾರಣೆ ಬೇಕಿಲ್ಲ.

ಕೋಡಿಂಗ್ ಪ್ರಶ್ನೆಗೂ ಮೌನವೇ ಶತ್ರು. ಪಟ್ಟಿಯಲ್ಲಿ ಎರಡನೇ ದೊಡ್ಡ ಸಂಖ್ಯೆ ಹುಡುಕಿ ಅಂದರೆ ತಕ್ಷಣ ಬರೆಯಲು ಹೊರಡಬೇಡಿ. ದೊಡ್ಡ ಸಂಖ್ಯೆಯೇ ಎರಡು ಸಲ ಬಂದಿದ್ದರೆ ಏನು ಮಾಡಲಿ, ಒಂದೇ ಸಂಖ್ಯೆಯಿದ್ದರೆ ಏನು ಉತ್ತರಿಸಲಿ ಎಂದು ಕೇಳಿ. ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಬಿಡಿ.

ಟ್ರೈನಿಂಗ್ ಬಗೆಗಿನ ಭಯ ಸುಳ್ಳಲ್ಲ. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ತನ್ನ ಮೈಸೂರು ಕ್ಯಾಂಪಸ್‌ನಿಂದ, ಮೂರು ಅವಕಾಶಗಳಲ್ಲೂ ಪರೀಕ್ಷೆ ಪಾಸಾಗಲಿಲ್ಲವೆಂದು 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿತು. ಕೆಲಸಕ್ಕೆ ಸೇರಲು ಎರಡು ವರ್ಷ ಕಾದಿದ್ದವರೂ ಅವರಲ್ಲಿದ್ದರು. ಆ ಮಕ್ಕಳ ಸಂಕಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಆಫರ್ ಲೆಟರ್ ಬಂದರೆ ಸಂಬಳದ ಸಾಲಿಗೇ ನಿಲ್ಲಬೇಡಿ. ಪರೀಕ್ಷೆ ಎಷ್ಟು, ಅವಕಾಶ ಎಷ್ಟು, ಬಾಂಡ್ ಇದೆಯೇ ಎಂದು ಓದಿ, ಬರವಣಿಗೆಯಲ್ಲೇ ಕೇಳಿ. ಸೇರುವ ಮೊದಲೇ ಜಾವಾ ಅಥವಾ ಪೈಥಾನ್, ಜೊತೆಗೆ ಎಸ್‌ಕ್ಯೂಎಲ್ ಗಟ್ಟಿ ಮಾಡಿಕೊಳ್ಳಿ. ಸೇರುವ ದಿನದವರೆಗೂ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ಕೆಲಸ ಕೊಡಿಸುತ್ತೇವೆಂದು ದುಡ್ಡು ಕೇಳಿದವರಿಗೆ ಒಂದು ರೂಪಾಯಿಯೂ ಬೇಡ.

ತೋಟ ನೋಡಿಕೊಳ್ಳುವುದು ದೊಡ್ಡ ಕಸುಬು. ಮನಸ್ಸಿದ್ದರೆ ಖಂಡಿತ ಮಾಡಿ. ಇಂಟರ್‌ವ್ಯೂಗೆ ಹೆದರಿ ಮಾತ್ರ ಬೇಡ.

ಇಂಟರ್‌ವ್ಯೂ ಆನ್‌ಲೈನಿನಲ್ಲಾದರೆ ಕರೆಂಟಿನ ವಿಷಯವೂ ಇದೆ. ಮಳೆ ಹಿಡಿದರೆ ಶ್ರೀಮಂಗಲದ ಲೈನು ನಂಬಿ ಕೂರಬೇಡಿ. ಗೋಣಿಕೊಪ್ಪದಲ್ಲೋ ಮೈಸೂರಿನಲ್ಲೋ ನೆಂಟರ ಮನೆಯಿದ್ದರೆ ಹಿಂದಿನ ದಿನವೇ ಹೋಗಿ ಇರಿ. ಸಂಪರ್ಕ ಕಡಿದರೆ ಯಾವ ನಂಬರಿಗೆ ಫೋನ್ ಮಾಡಬೇಕೆಂದು ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ.